ಅದೇ ತರಹದ ಮೂರು ಕಾರು

ನಾಲ್ಕು ಸಾವಿರದ ಮುನ್ನೂರ ಹತ್ತು ಡಾಲರ್
ಎಂದಿತು ಫೋನು. ಆಮೇಲೆ ಸುಮ್ಮನಾಯಿತು,
ನಾನು ಥ್ಯಾಂಕ್ಸ್ ಹೇಳಲೆಂದು ಕಾಯುವ ಹಾಗೆ.

ನಾನು ಮಾರ್ಲಿಸ್ ಟ್ವೆಟ್. ಮಿನೆಸೋಟದ ಕ್ರುಕ್‌ಸ್ಟನ್.
ಕಸುಬು ಪಿಯಾನೋಗೆ ಶ್ರುತಿ ಕೂಡಿಸುವುದು:
ಸುತ್ತ ಎಂಬತ್ತು ಮೈಲಿಯ ಚರ್ಚು, ಶಾಲೆ, ಸತ್ತವರ ಮನೆಯ ಹಜಾರ.
ಅಷ್ಟಕ್ಕೂ ಒಂದೇ ಕಾರು, ಹದಿನಾಲ್ಕು ವರ್ಷದ ಹಸಿರು ಸುಬಾರು.
ಅಕ್ಟೋಬರ್ ಹನ್ನೊಂದರ ಬೆಳಿಗ್ಗೆ
ಬೀಟ್‌ಗೆಡ್ಡೆ ತುಂಬಿದ ಲಾರಿಯೊಂದು ಸ್ಟಾಪ್ ಬೋರ್ಡು ಓದದೆ ಬಂದು
ಕಾರಿನ ಬಲಮಗ್ಗುಲನ್ನು ನನ್ನ ಮೊಣಕೈವರೆಗೆ ತಂದು ನಿಲ್ಲಿಸಿತು.
ನನಗೇನೂ ಆಗಲಿಲ್ಲ. ಒಂದು ಹಲ್ಲು ಅಲ್ಲಾಡಿತು, ಅಷ್ಟೆ.
ರಸ್ತೆ ತುಂಬ ಗೆಡ್ಡೆ, ಮಣ್ಣು ಮೆತ್ತಿದ್ದು,
ಬಹಳ ಹೊತ್ತು ಉರುಳುತ್ತಲೇ ಇದ್ದವು.

ಲಾರಿಯವರ ವಿಮೆ ಕಂಪನಿಯವನು ಡೇರಿಲ್ ಪ್ರೂಯಿಟ್.
ಅವನ ಆಫೀಸು ಡೆಮಾಯ್ನ್‌ನಲ್ಲಿ ಅವನ ಮನೆಯೇ.
"ಇದು ನಾವು ಕಟ್ಟಿದ ಬೆಲೆಯಲ್ಲ ಮೇಡಂ, ಮಾರುಕಟ್ಟೆಯದ್ದು"
ಎಂದು ಹನ್ನೆರಡು ಪುಟ ಕಳಿಸಿದ.
ಅದರಲ್ಲಿ ನನ್ನದೇ ತರಹದ ಮೂರು ಕಾರು.

ಪಿಯಾನೋದಲ್ಲಿ ಒಂದು ಸ್ವರಕ್ಕೆ ಮೂರು ತಂತಿ.
ಒಟ್ಟಿಗೆ ಕೇಳಿದರೆ ಯಾವುದು ಸುಳ್ಳಾಡುತ್ತಿದೆ ತಿಳಿಯದು.
ಎರಡರ ನಡುವೆ ರಬ್ಬರ್ ಬೆಣೆ ತುರುಕಿ ಬಾಯಿ ಮುಚ್ಚಿಸಿ
ಒಂದೊಂದನ್ನೇ ಮಾತಾಡಿಸಬೇಕು.

ಮೊದಲನೆಯದು ಸೂ ಫಾಲ್ಸ್‌ನಲ್ಲಿ, ಮುನ್ನೂರು ಮೈಲಿ ಆಚೆ.
ಎರಡನೆಯದು ನೆರೆಯಲ್ಲಿ ಮುಳುಗಿ ಎದ್ದದ್ದು,
ಅದನ್ನು ಇರುವೆಯಕ್ಷರದಲ್ಲಿ ಪಿಸುಗುಟ್ಟಿದ್ದರು.
ಮೂರನೆಯದು ಮಾರಿಹೋಗಿಯೇ ಐದು ತಿಂಗಳು.
ಕೊನೆಗೆ ನನ್ನ ಕಾರಿನ ಹೆಸರಲ್ಲಿ ಒಂದು ಸಾಲು:
"ಸ್ಥಿತಿ ಸಾಧಾರಣ. ಕಡಿತ ಆರುನೂರ ನಲವತ್ತು."
ಗುಜರಿ ಅಂಗಳದಲ್ಲಿ ನುಜ್ಜಾಗಿ ಬಿದ್ದದ್ದನ್ನು ನೋಡಿ
ಬದುಕಿದ್ದಾಗ ಹೇಗಿತ್ತೆಂದು ಬರೆದವರು ಯಾರಪ್ಪ?

ಬಿಸ್ಕತ್ತಿನ ಡಬ್ಬ ಇಳಿಸಿದೆ. ಅದರಲ್ಲಿ ರಸೀತಿಗಳು.
ಬ್ರೇಕು, ಬೆಲ್ಟು, ರೇಡಿಯೇಟರು.
ನಾಲ್ಕು ಹೊಸ ಟೈರು, ಅಪಘಾತಕ್ಕೆ ಒಂಬತ್ತು ದಿನ ಮೊದಲು,
ರಬ್ಬರಿನ ಮೇಲಿನ ಕೂದಲು ಕೂಡ ಸವೆದಿರಲಿಲ್ಲ.
ಇಲ್ಲೇ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಮಾರಾಟಕ್ಕಿದ್ದ ನಾಲ್ಕು ಕಾರು ಹುಡುಕಿ
ಒಡೆಯರಿಗೆ ನಾನೇ ಫೋನು ಮಾಡಿದೆ.
ಬಾಯಿಮಾತು ಬೇಡ, ಬರೆದು ಕೊಡಿ ಎಂದೆ.
ಬರೆದು ಕೊಟ್ಟರು, ಒಬ್ಬ ಪಾದ್ರಿಯೂ ಸೇರಿ.

ಅಷ್ಟರಲ್ಲಿ ಗುಜರಿಯವನ ಬಾಡಿಗೆ ದಿನಕ್ಕೆ ಮೂವತ್ತೈದು.
ತಡವಾದಷ್ಟೂ ನಾನು ಸೋಲಲಿ ಎಂದೇ ಇಟ್ಟ ಗಡಿಯಾರ.
"ಅದೂ ನಿಮ್ಮ ಲೆಕ್ಕಕ್ಕೇ ಪ್ರೂಯಿಟ್" ಎಂದೆ. ದನಿ ಏರಿಸಲಿಲ್ಲ.
ಏರಿಸಿದರೆ ತಂತಿ ಹರಿಯುತ್ತದೆ.

ಅವನು ಐದು ಎಂದ. ನಾನು ಆರೂಮುಕ್ಕಾಲು.
ಹತ್ತಿರ ಬಂದ ಎರಡು ತಂತಿಗಳ ನಡುವೆ ಒಂದು ನಡುಕವಿರುತ್ತದೆ,
ವೋಂ ವೋಂ ವೋಂ, ಹತ್ತಿರ ಬಂದಷ್ಟೂ ನಿಧಾನ.
ಅದಕ್ಕೆ ಕಿವಿಗೊಟ್ಟೇ ಮೂರು ವಾರ ಕಳೆದೆ.

ಮೂರನೆಯ ಶುಕ್ರವಾರ, ಐದು ಸಾವಿರದ ಎಂಟುನೂರ ಎಪ್ಪತ್ತು.
ಬಾಡಿಗೆ ಅವರದ್ದು.
ಪೂರಾ ನ್ಯಾಯ ಅಲ್ಲ, ಗೊತ್ತು.
ನಾನು ಜೀವನವಿಡೀ ಪ್ರತಿ ಪಂಚಮವನ್ನೂ
ಒಂದು ಕೂದಲೆಳೆ ತಗ್ಗಿಸಿಯೇ ಬಿಟ್ಟವಳು;
ಒಂದನ್ನು ಶುದ್ಧ ಮಾಡಹೋದರೆ ಇನ್ನೊಂದು ತೋಳದಂತೆ ಊಳಿಡುತ್ತದೆ.
ಆಗಲಿ ಎಂದೆ.

ಆಗಲೂ ಅವನ ಹಿಂದೆ ಪಿಯಾನೋ.
ಮೂರು ವಾರದಿಂದ ಯಾವುದೋ ಮಗು ಅದೇ ನಾಲ್ಕು ಸಾಲು,
ಅದೇ ಜಾಗದಲ್ಲಿ ಎಡವಿ, ಮತ್ತೆ ಮೊದಲಿಂದ.
"ನಿಮ್ಮ ಪಿಯಾನೋದ ನಡುಮನೆಯ ಒಂದು ತಂತಿ ಇಳಿದಿದೆ" ಎಂದೆ.
ಅವನು ತುಸು ಹೊತ್ತು ಮಾತಾಡಲಿಲ್ಲ.
"ಸರಿಯಿಲ್ಲ ಅಂತ ಅವಳು ಹೇಳ್ತಾನೇ ಇದ್ದಳು.
ನಾನು ಅವಳ ಬೆರಳಿನ ತಪ್ಪು ಅಂದುಕೊಂಡಿದ್ದೆ."

ಶನಿವಾರ ಗುಜರಿ ಅಂಗಳಕ್ಕೆ ಹೋದೆ.
ಸೀಟಿನಡಿಯಲ್ಲಿ ಶ್ರುತಿ ತಿರುಗಿಸುವ ಹಿಡಿ, ಉಣ್ಣೆಯ ಪಟ್ಟಿ,
ಬೆಣೆ ಹನ್ನೊಂದು. ಹನ್ನೆರಡನೆಯದು ಸಿಗಲಿಲ್ಲ.
ಡಿಕ್ಕಿಯ ಮೂಲೆಯಲ್ಲಿ ಒಂದು ಬೀಟ್‌ಗೆಡ್ಡೆ,
ಹೇಗೆ ಒಳಗೆ ಬಂತೋ, ಹೆಪ್ಪುಗಟ್ಟಿ ಕಲ್ಲಾಗಿತ್ತು.
ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.
ಜೇಬಿಗೆ ಹಿಡಿಸಲಿಲ್ಲ, ಕೈಯಲ್ಲೇ ಹಿಡಿದು ನಡೆದೆ.