ಎರಡು ದೀಪಗಳ ನಡುವೆ

ಮೋಡಕ್ಕೆ ತನ್ನದೆಂಬ ದೀಪವಿಲ್ಲ.
ರೇಡಿಯೋ ಕಿವಿಗಷ್ಟೇ ಕೇಳುವ ಒಂದು ಗುನುಗು,
ಇಪ್ಪತ್ತೊಂದು ಸೆಂಟಿಮೀಟರಿನ ಅಲೆ.
ಎಷ್ಟು ವೇಗ? ಅದು ಗೊತ್ತು:
ಸೆಕೆಂಡಿಗೆ ನೂರರವತ್ತು ಕಿಲೋಮೀಟರು, ನಮ್ಮತ್ತಲೇ.
ಎಷ್ಟು ದೂರ? ಕೇಳಬೇಡಿ.
ದೂರ ತಿಳಿಯದೆ ತೂಕವೂ ತಿಳಿಯದು;
ದೂರ ಇಮ್ಮಡಿಯಾದರೆ ಭಾರ ನಾಲ್ಮಡಿ,
ಬೊಗಸೆಯೋ ಕಡಲೋ
ಹೇಳುವಂತಿಲ್ಲ.

ನಾನು ಒತಿಲಿಯಾ. ದೂರದರ್ಶಕ ತಿರುಗಿಸುವವಳು.
ಲೆಕ್ಕ ಹಾಕುವವರು ಬೇರೆ.
ಈ ವಾರ ಫಿನ್ಲೆಂಡಿನ ಹಿಲ್ಲೆವಿ,
ಮೂರು ಸ್ವೆಟರುಗಳ ಒಳಗಿಂದ ಮಾತಾಡುತ್ತಾಳೆ.
ಕೆಳಗೆ ಅಟಕಾಮಾ, ಮಳೆಯ ಹೆಸರು ಮರೆತ ನೆಲ,
ಅದರಾಚೆ ಕಡಲು, ಕಡಲಂಚಿಗೆ ನಮ್ಮೂರು.

ನಮ್ಮೂರಿನ ಮಂಜಿಗೆ ಹೆಸರಿದೆ, ಕಮಾಂಚಾಕಾ.
ಸಂಜೆ ನೀರಿಂದೆದ್ದು, ಬಂಡೆ ಹತ್ತಿ,
ಹೆದ್ದಾರಿಯನ್ನು ನುಂಗುತ್ತದೆ.
ಎಲಿಸೆಯೊ ಮಾವ ತಾಮ್ರದ ಲಾರಿ ಓಡಿಸುತ್ತಿದ್ದ.
ನನಗೆ ಎಂಟು ವರ್ಷ; ಗುಡ್ಡದ ಮೇಲೆ ಕೂರಿಸಿ ಕಲಿಸಿದ:
ಮಂಜು ಎಲ್ಲಿದೆಯೆಂದು ಮಂಜನ್ನೇ ಕೇಳಬೇಡ,
ಲಾರಿಗಳ ದೀಪ ನೋಡು.
ನಿಚ್ಚಳವಾಗಿ ಉರಿಯುವುದು ಮಂಜಿನ ಈಚೆ,
ಕಣ್ಣೀರು ತುಂಬಿದಂತೆ ಕದಡಿದ್ದು ಆಚೆ.
ಅಗೋ ಅದು ಉಪ್ಪಿನ ಗೋದಾಮಿನ ತಿರುವು,
ಅದು ಅಪಘಾತದಲ್ಲಿ ಸತ್ತವರ ಪುಟ್ಟ ಗೂಡು,
ಎರಡರ ನಡುವೆ ಎಲ್ಲೋ ನಿಂತಿದೆ ಮಂಜು.
ಎಲ್ಲೋ ಅಂದರೆ?
ಎಲ್ಲೋ ಅಂದರೆ ಎಲ್ಲೋ, ಅಂದ. ಕಲ್ಲಂಗಡಿ ಕತ್ತರಿಸಿದ.

ಹಿಲ್ಲೆವಿಯದೂ ಅದೇ ವಿದ್ಯೆ.
ಮೊದಲ ನಕ್ಷತ್ರ, ಹದಿನೆಂಟು ಸಾವಿರ ಜ್ಯೋತಿರ್ವರ್ಷ.
ಅದರ ಬೆಳಕನ್ನು ಬಟ್ಟೆ ಒಣಹಾಕಿದಂತೆ ಹರಡಿ ನೋಡಿದೆವು:
ಕ್ಯಾಲ್ಸಿಯಮ್ಮಿನ ಜಾಗದಲ್ಲಿ, ಆ ವೇಗದಲ್ಲಿ, ಗೀರಿಲ್ಲ.
ಎರಡನೆಯದು, ನಲವತ್ತು ಸಾವಿರ.
ಅಲ್ಲಿದೆ! ಉಗುರಿನ ಗುರುತಿನಷ್ಟು ಕತ್ತಲೆ.
ನಮ್ಮ ಮೂಳೆಯಲ್ಲಿರುವ ಅದೇ ಸುಣ್ಣದ ಒಂದು ಚಿಟಿಕೆ
ಬೆಳಕನ್ನು ದಾರಿಯಲ್ಲಿ ತಡೆದು
ಸುಂಕ ತೆಗೆದುಕೊಂಡು ಬಿಟ್ಟಿದೆ.

ಮೂರನೆಯದು ನಡುವೆ, ಇಪ್ಪತ್ತೇಳು ಸಾವಿರದಲ್ಲಿ, ಬಲು ಮಂದ.
ಗೀರು ಕಂಡರೆ ಮೋಡ ಅದಕ್ಕಿಂತ ಈಚೆ.
ಕಾಣದಿದ್ದರೆ?
"ಕಾಣದಿದ್ದರೆ ಏನೂ ಖಚಿತವಲ್ಲ," ಹಿಲ್ಲೆವಿ ಕೈಗೆ ಉಸಿರೂದಿಕೊಂಡಳು,
"ನಕ್ಷತ್ರವೇ ಮುಂದಿರಬಹುದು,
ಅಥವಾ ಮೋಡದಲ್ಲೇ ತೂತಿರಬಹುದು."

ಮಾವನ ಲಾರಿಗೆ ಎಡದೀಪ ಒಡೆದಿತ್ತು.
ಒಂದು ರಾತ್ರಿ ಆ ಒಕ್ಕಣ್ಣು ನಿಚ್ಚಳ ಹೊಳೆಯಿತು,
ಈಚೆ ಬಂದನೆಂದು ಕೂಗಿದೆ, ಅಜ್ಜಿ ಒಲೆ ಹೊತ್ತಿಸಿದಳು.
ಬಂದದ್ದು ಬೆಳಗ್ಗೆ ಏಳಕ್ಕೆ, ಮೀಸೆಯಲ್ಲಿ ಹನಿ.
ಮಂಜಿನಾಚೆಯೇ ಇದ್ದನಂತೆ ಇಡೀ ರಾತ್ರಿ;
ನಾನು ನೋಡಿದ್ದು ಮಂಜಿನ ಹರಕಿನಿಂದ.

ಎರಡೂವರೆ ಗಂಟೆ. ತೇವಾಂಶದ ಮುಳ್ಳು ಏರುತ್ತಿದೆ.
ಎಪ್ಪತ್ತು ಮುಟ್ಟಿದರೆ ಗುಮ್ಮಟ ಮುಚ್ಚಬೇಕು, ನಿಯಮ.
ಬಾಗಿಲಲ್ಲಿ ಇಣುಕಿದೆ: ಬೆಟ್ಟದ ಮೊಣಕಾಲವರೆಗೂ ಬಿಳಿ.
ಮೂರನೆಯದರ ಬೆಳಕು ಇನ್ನೂ ಕಾಲುಗಂಟೆ ಬೇಕು.
ಅರವತ್ತೆಂಟು.
ಹಿಲ್ಲೆವಿ ನನ್ನತ್ತ ನೋಡುವುದಿಲ್ಲ.
ನೋಡಿದರೆ ನಾನು ಹೇಳಬೇಕಾಗುತ್ತದೆ.

ಆ ಮೋಡ ಜಲಜನಕ; ಹೆಸರಲ್ಲೇ ಇದೆ, ನೀರ ಹೆತ್ತದ್ದು.
ಬೀಳುತ್ತಿದೆಯಂತೆ ನಮ್ಮ ನಕ್ಷತ್ರಗಳ ತಟ್ಟೆಗೆ,
ಬಿದ್ದಲ್ಲಿ, ಕೋಟಿ ಕೋಟಿ ವರ್ಷದ ಮೇಲೆ,
ಹೊಸ ಸೂರ್ಯರು ಕಣ್ಣು ಬಿಡಬಹುದು.
ಎಷ್ಟು ಸೂರ್ಯರಿಗೆ ಸಾಕು? ತೂಕ ಬೇಕು.
ತೂಕಕ್ಕೆ ದೂರ ಬೇಕು.

ಕೆಳಗೆ ಊರ ಮೇಲಿನ ದಿಣ್ಣೆಯಲ್ಲಿ
ಅಜ್ಜಿ ದೊಮಿತಿಲಾಳ ಬಲೆ ನಿಂತಿದೆ, ಮೀನಿನದಲ್ಲ, ಮಂಜಿನದು.
ಎರಡು ಕಂಬ, ನಡುವೆ ಕರಿ ಜಾಲರಿ.
ಮಂಜು ಎಷ್ಟು ದಪ್ಪ, ಎಲ್ಲಿ ಶುರು, ಅವಳು ಕೇಳಿದವಳಲ್ಲ.
ಪೀಪಾಯಿಗೆ ಕಡ್ಡಿ ಇಳಿಸಿ
ಒದ್ದೆ ಎಲ್ಲಿವರೆಗೆಂದು ಹೆಬ್ಬೆರಳಿಟ್ಟು ನೋಡುತ್ತಾಳೆ.

ಎಪ್ಪತ್ತು.
ಮುಚ್ಚಿದೆ.
ಹಿಲ್ಲೆವಿ ಪುಸ್ತಕದಲ್ಲಿ ಬರೆದಳು:
ನಲವತ್ತರ ಈಚೆ. ಹದಿನೆಂಟರ ಆಚೆ,
ಅದರ ಮುಂದೊಂದು ಪ್ರಶ್ನೆ ಚಿಹ್ನೆ, ಸಣ್ಣದು.
ಮೂರನೆಯದರ ಸಾಲು ಖಾಲಿ ಬಿಟ್ಟಳು, ಗೀಟೂ ಎಳೆಯಲಿಲ್ಲ.

ಆರಕ್ಕೆ ಅಜ್ಜಿಯ ಫೋನು.
"ಕಡ್ಡಿ ಪೂರ್ತಿ ಒದ್ದೆ ಕಣೆ," ಅಂದಳು.
"ಉದ್ದದ್ದೊಂದು ತಂದುಕೊಡು."