ನಿಲ್ಲಿಸುವವನು

ನನ್ನ ಕೆಲಸ ಇಷ್ಟೇ:
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತೆಂಕಣ ಬಾನು ನೋಡುವುದು,
ಹಕ್ಕಿ ಬಂದರೆ 'ನಿಲ್ಲಿಸಿ' ಎನ್ನುವುದು.

ಇಲ್ಲಿ, ಸೂಯೆಜ್ ಕೊಲ್ಲಿಯ ದಡದಲ್ಲಿ,
ಬೆಟ್ಟಕ್ಕೂ ಕಡಲಿಗೂ ನಡುವಿನ ಓಣಿಯಲ್ಲಿ
ಗಾಳಿ ಯಾರ ಮಾತೂ ಕೇಳಿದ್ದಿಲ್ಲ.
ಅಪ್ಪ ಅದಕ್ಕೆ ಎರಡು ಹೆಸರಿಟ್ಟಿದ್ದ:
ಒಂಟೆಯ ಕಿವಿ ಮಡಚುವ ಗಾಳಿ,
ಡೇರೆಯ ಗೂಟ ಕೀಳುವ ಗಾಳಿ.
ಮೂರನೆಯದಕ್ಕೆ ಹೆಸರಿಲ್ಲ, ಅದು ಬೀಸುವಾಗ
ಬಾಯಿ ತೆರೆಯುವಂತಿಲ್ಲ.

ಮೊದಲು ಬಂದವರು ಗಾಳಿಗಾಗಿ ಬಂದವರಲ್ಲ.
ಹಳೆಯ ಯುದ್ಧಗಳು ಬಿತ್ತಿ ಮರೆತ ನೆಲಬಾಂಬುಗಳನ್ನು
ಮೊಣಕಾಲೂರಿ, ಕುಂಚದಲ್ಲಿ ಮರಳು ಸರಿಸಿ,
ಕಡಲೆಕಾಯಿ ಕಿತ್ತಂತೆ ಕಿತ್ತರು.
ಕಲ್ಲಿಗೊಂದು ಬಿಳಿ ಬಣ್ಣ ಬಳಿದು ಮುಂದೆ ಸರಿದರು.
ಒಂದೇ ಕಾಲಿನ ಚಿಕ್ಕಪ್ಪ ಮುಸ್ಲಿಹ್
ದೂರದಲ್ಲಿ ನಿಂತು ನೋಡಿ ಅಂದ:
"ಮೂವತ್ತು ವರ್ಷ ತಡ."

ಆಮೇಲೆ ಒಂದು ಕಂಬ. ತುದಿಯಲ್ಲಿ ಮೂರು ಬಟ್ಟಲು.
ಮೂರು ವರ್ಷ ಅವು ಗಿರಗಿರ ತಿರುಗಿದವು, ಮತ್ತೇನಿಲ್ಲ.
ಕಾವಲಿಗೆ ಅಪ್ಪ, ತಿಂಗಳ ಸಂಬಳ.
ಕೊನೆಗೆ ಕಾಗದ ಹಿಡಿದವನೊಬ್ಬ ಬಂದು ಚಹಾ ಕುಡಿದು
ಒಂದು ಅಂಕಿ ಹೇಳಿದ, ಸರಾಸರಿಯಂತೆ.
ಅಪ್ಪ ಕೇಳಿದ: "ಅದು ಯಾವ ಗಾಳಿ?"

ರೆಕ್ಕೆಗಳು ರಾತ್ರಿ ಬಂದವು, ಲಾರಿಗೊಂದೇ ರೆಕ್ಕೆ.
ತಿರುವಿನಲ್ಲಿ ಹಾಯಲಾರದೆ
ಅತ್ವಾನ ಚಹಾದಂಗಡಿಯ ಗೋಡೆ ಕೆಡವಿದರು.
ಪರಿಹಾರದ ದುಡ್ಡಲ್ಲಿ ಅವನು ಫ್ರಿಜ್ಜು ಕೊಂಡ,
ಗೋಡೆ ಕಟ್ಟಲಿಲ್ಲ.
ಬುಡಗಳಿಗೆ ಸುರಿದ ಕಾಂಕ್ರೀಟಿಗೆ
ಬಿಸಿಲಲ್ಲಿ ಬಿರುಕು ಬಿಡದಿರಲೆಂದು ಮಂಜುಗಡ್ಡೆ ಬೆರೆಸಿದರು.
ಒಂದು ತುಂಡು ಮಗಳಿಗೆಂದು ಕಿಸೆಗೆ ಹಾಕಿದೆ.
ಮನೆ ಮುಟ್ಟಿದ್ದು ಒದ್ದೆ ಕಿಸೆ.

ಈಗ ವಸಂತ. ಕೊಕ್ಕರೆಗಳ ದಾರಿ ಇದೇ,
ಕಂಬಗಳಿಗಿಂತ ಮೊದಲಿನದು, ನಮಗಿಂತಲೂ.
ಅವು ರೆಕ್ಕೆ ಬಡಿಯುವುದಿಲ್ಲ, ಜಿಪುಣರು;
ಬಿಸಿಗಾಳಿಯ ಮೆಟ್ಟಿಲು ಹುಡುಕಿ ಸುತ್ತಿ ಸುತ್ತಿ ಏರಿ
ಜಾರುತ್ತ ಬರುತ್ತವೆ
ಯಾರೋ ಬಾನಿಗೆ ಮೆಣಸಿನಪುಡಿ ಉದುರಿಸಿದ ಹಾಗೆ.

"ಸುವೈಲಿಮ್, ಎಷ್ಟು?"
"ಮೂರು ಸಾವಿರ. ಇನ್ನೂ ಇವೆ."
"ಯಾವ ಸಾಲು?"
"ಮೂರನೆಯದು. ನಾಲ್ಕನೆಯದೂ. ನಿಲ್ಲಿಸಿ."

ನಿವೀನ್ ಅಲ್ಲಿ ಗುಂಡಿ ಒತ್ತುತ್ತಾಳೆ.
ಇಲ್ಲಿ ಇಪ್ಪತ್ತಾರು ದೈತ್ಯರು ಅಲಗು ತಿರುಗಿಸಿ
ಗಾಳಿಯನ್ನು ಬೆರಳಸಂದಿಯಲ್ಲಿ ಬಿಟ್ಟುಬಿಡುತ್ತಾರೆ,
ನಿಧಾನ, ಇನ್ನೂ ನಿಧಾನ.
ಆಗಲೇ ಕೇಳುವುದು ನನ್ನ ಕೈಗಡಿಯಾರ.
ಕೈರೋದಲ್ಲಿ ಯಾರೋ ನಿಮಿಷಕ್ಕಿಷ್ಟೆಂದು
ನನ್ನ ಒಂದು ಮಾತಿನ ಬೆಲೆ ಬರೆದಿಡುತ್ತಾರೆ.
ಕೊಕ್ಕರೆಗಳು ಕತ್ತು ಕೂಡ ತಿರುಗಿಸದೆ ಹೋಗುತ್ತವೆ.
ಕೊನೆಯದು ದಾಟಿದ ಮೇಲೆ ನಾನು "ಹೋದವು" ಎನ್ನುತ್ತೇನೆ.
ಮತ್ತೆ ಎಲ್ಲ ತಿರುಗುತ್ತದೆ.

ಒಮ್ಮೆ ತಪ್ಪಿತು.
ಒಂದೇ ಹದ್ದು, ಒಂಟಿ, ಸೂರ್ಯನ ಕಡೆಯಿಂದ.
ನಾನು ಚಹಾ ಬಗ್ಗಿಸುತ್ತಿದ್ದೆ.
ಎರಡು ಕಡೆ ಸಿಕ್ಕಿತು, ನೂರು ಹೆಜ್ಜೆ ಅಂತರದಲ್ಲಿ.
ಎರಡನ್ನೂ ಒಂದೇ ಚೀಲಕ್ಕೆ ಹಾಕಿ ತೂಗಿದೆವು.
ಒಂದು ಕಣ್ಣು ಇನ್ನೂ ಹಳದಿ.
ಅರ್ಜಿಯಲ್ಲಿ 'ಕಾರಣ' ಎಂಬ ಜಾಗವಿತ್ತು.
ಬರೆದೆ: ಚಹಾ.
ನಿವೀನ್ ಅದನ್ನು ಹೊಡೆದುಹಾಕಿ
'ವೀಕ್ಷಣೆಯಲ್ಲಿ ವಿಳಂಬ' ಎಂದು ತಿದ್ದಿದಳು.
ಒಳ್ಳೆಯವಳು. ಆದರೂ ಅಂದಿನಿಂದ
ಹಗಲಲ್ಲಿ ನನಗೆ ಚಹಾ ಸೇರುವುದಿಲ್ಲ.

ನಿನ್ನೆ ರಾತ್ರಿ, ರಾಸ್ ಗಾರಿಬ್‌ನ ಮನೆಯಲ್ಲಿ,
ನಿದ್ದೆಗಣ್ಣಲ್ಲೇ ಕೂಗಿದೆನಂತೆ: "ನಿಲ್ಲಿಸಿ!"
ಅದೇ ಗಳಿಗೆಗೆ ಕರೆಂಟು ಹೋಯಿತು,
ತಲೆಯ ಮೇಲಿನ ಫ್ಯಾನು ನಿಂತಿತು.
ಹೆಂಡತಿ ಬೆವರು ಒರೆಸುತ್ತ ಎದ್ದು ಕೂತಳು.
"ಇನ್ನೊಂದು ಮಾತಿದೆಯಲ್ಲ, ಅದನ್ನೂ ಅನ್ನು."

ಕತ್ತಲಿಗೆ ಮುಖ ಮಾಡಿ ಅಂದೆ: "ಹೋದವು."
ಇಬ್ಬರೂ ಕಾದೆವು.