ಮೂರು ಸೆಂಟಿಮೀಟರ್ ಕಳೆ

ಬೆಳಗಿನ ಜಾವ ನಾಲ್ಕಕ್ಕೆ
ಅಪ್‌ಡೇಟ್ ಅರ್ಧದಲ್ಲಿ ನಿಂತು ನನ್ನನ್ನು ಕೇಳಿತು:
ಈ ಕಡತವನ್ನು ನೀವು ತಿದ್ದಿದ್ದೀರಿ.
ಇದ್ದದ್ದೇ ಇರಲೋ, ಹೊಸದು ಹಾಕಲೋ?

ತಿದ್ದಿದ್ದು ನಾನಲ್ಲ, ಆರ್ವೆಡ್.
ಸಾರೆಮಾ ದ್ವೀಪದ ಈ ಹಿಮರಸ್ತೆ ಕಚೇರಿಯಲ್ಲಿ
ಹತ್ತೊಂಬತ್ತು ಚಳಿಗಾಲ ಕೂತು
ಕುರ್ಚಿಯಲ್ಲಿ ತನ್ನ ತಗ್ಗು ಬಿಟ್ಟು ಎದ್ದು ಹೋದವನು.

ಆರಕ್ಕೆ ಅಂಚೆ ವ್ಯಾನು ಬರುತ್ತದೆ.
ಹೆಪ್ಪುಗಟ್ಟಿದ ಕಡಲು ತಾಳುತ್ತದೆಯೇ ಎಂದು
ಕಡಲನ್ನು ಯಾರೂ ಕೇಳುವುದಿಲ್ಲ, ಗೇಟಿನ ಫಲಕ ನೋಡುತ್ತಾರೆ.
ಫಲಕ ನನ್ನ ಕಂಪ್ಯೂಟರನ್ನು ನೋಡುತ್ತದೆ,
ಕಂಪ್ಯೂಟರು ಈ ಕಡತವನ್ನು.

ಹೊಸದನ್ನು ಕಳಿಸಿದವನೇ, ಯಾವ ಊರಿನವನೋ ನೀನು,
ನಿನ್ನ ಸಾಲಿನಲ್ಲೊಂದು ಸೊನ್ನೆ ಇದೆ.
ಜಗತ್ತಿನ ಕಂಬಗಳೆಲ್ಲ ನೆಟ್ಟಗೆ ನಿಂತಿವೆ ಎಂಬ ಸೊನ್ನೆ.
ಆರ್ವೆಡನ ಸಾಲಿನಲ್ಲಿ: ಮೂರು ಕಳೆ.
ಪಕ್ಕಕ್ಕೆ ಟಿಪ್ಪಣಿ:
'ದೋಣಿ ಗುದ್ದಿ ಅಳತೆಕಂಬ ವಾಲಿದೆ.
ಇದ್ದದ್ದಕ್ಕಿಂತ ಹೆಚ್ಚು ಹೇಳುತ್ತದೆ. ನಂಬಬೇಡಿ.'

ಕೇಳದೆಯೇ ಬದಲಿಸುವವರೂ ಇದ್ದಾರೆ.
ಕಳೆದ ಮಾರ್ಚಿನಲ್ಲಿ ಪ್ರಿಂಟರಿನವರು ಹಾಗೇ ಮಾಡಿ
ವಾರವಿಡೀ ರಸೀದಿಗಳು ಫಿನ್ನಿಷ್‌ನಲ್ಲಿ ಬಂದವು. ನಕ್ಕೆವು.
ಹೊಸ ನೀರು ಬಂದು ಹಳೆ ನೀರು ಕೊಚ್ಚಿಕೊಂಡು ಹೋಯಿತು ಅನ್ನುವುದು
ಹರಿಯುವ ನೀರಿಗೆ ಸರಿ.
ಇಲ್ಲಿ ನೀರು ನಿಂತಿದೆ,
ಅದರ ಮೇಲೆ ಜನ ನಡೆಯುತ್ತಾರೆ.

ಹಾಗಂತ ಹಳೆಯದೆಲ್ಲ ಬಂಗಾರವೂ ಅಲ್ಲ.
ವ್ಯತ್ಯಾಸ ತೋರಿಸು ಎಂದೆ.
ಎಡಕ್ಕೆ ಅವನು, ಬಲಕ್ಕೆ ನೀನು,
ನಡುವೆ ನಾನು, ತಣ್ಣಗಾದ ಕಾಫಿ.
ನಲವತ್ತನೆಯ ಸಾಲಿನಲ್ಲಿ, ಮನೆಯಿಂದ ಇಣುಕಲೆಂದು
ಆರ್ವೆಡ್ ತೆರೆದಿಟ್ಟ ಬಾಗಿಲು.
ಬೀಗವಿಲ್ಲ, ಅಗುಳಿಯಿಲ್ಲ.
ಇಂಥ ಬಾಗಿಲು ಕಳ್ಳರಿಗೆ ಗೊತ್ತಾಗಿದೆ
ಎಂದು ನೀನು ಬರೆದಿದ್ದೀಯ.
ಅದೂ ನಿಜವೇ.

ಟಾರ್ಚು ಹಿಡಿದು ಹೋಗಿ ಕಂಬ ನೋಡಿ ಬಂದೆ.
ಬೆರಳು ಸ್ವಾಧೀನಕ್ಕೆ ಬರಲು ಹತ್ತು ನಿಮಿಷ ಹಿಡಿಯಿತು.
ಬಾಗಿಲು, ನಿನ್ನ ಮಾತಿನಂತೆ, ಮುಚ್ಚಿದೆ.
ಮೂರನ್ನು ಬಿಡಲಿಲ್ಲ.
ಅವನ ಟಿಪ್ಪಣಿಯ ಕೆಳಗೆ ತಾರೀಖು ಹಾಕಿ ಬರೆದೆ:
'ಇನ್ನೂ ವಾಲಿದೆ. ವೈಕೆ.'

ಕಂಬ ಇಪ್ಪತ್ನಾಲ್ಕು ಎಂದಿತು. ಫಲಕ ಇಪ್ಪತ್ತೊಂದು ಎಂದಿತು.
ಇಪ್ಪತ್ತೆರಡಿಲ್ಲದೆ ಗೇಟು ಏಳುವುದಿಲ್ಲ.
ಕಾಲ್ಯು ಒಂದು ಸೆಂಟಿಮೀಟರಿಗೆ ಹತ್ತು ಬೈಗುಳ ಬೈದು
ವ್ಯಾನು ತಿರುಗಿಸಿಕೊಂಡು ಹೋದ.

ಆರೂಕಾಲಿಗೆ ಫೋನು.
'ನನ್ನ ಬಾಗಿಲು ತೆಗೆಯುತ್ತಿಲ್ಲ,' ಮುದುಕನ ದನಿ,
'ಎಷ್ಟಿದೆ ಇವತ್ತು?'
ಇಪ್ಪತ್ತೊಂದು, ಎಂದೆ.
'ಕಳೆದ ಮೇಲೋ?'
ಕಳೆದ ಮೇಲೆ.
ಹೂಂ, ಎಂದು ಇಟ್ಟುಬಿಟ್ಟ.